ವೈನಿ ಗೆಲ್ಲದೆ ಬಿಟ್ಟ ಟ್ಯಾಂಕರು

ಕುಸುಬಿ ಎಣ್ಣೆಯ ಹೊಸ ಡಬ್ಬ ಒಡೆದಾಗ ಬರುವ ವಾಸನೆ ನನ್ನ ಮಟ್ಟಿಗೆ ವ್ಯಾಪಾರದ ವಾಸನೆ. ಉದಗೀರದಲ್ಲಿ ಅಂಗಡಿ ಇಟ್ಟು ಇಷ್ಟು ವರ್ಷ ಎಣ್ಣೆ, ಬೇಳೆ ಮಾರಿದವಳು ನಾನು. ಮೂಗಿನ ಹತ್ತಿರ ತಂದರೆ ಸಾಕು, ಕಲಬೆರಕೆ ಇದೆಯೋ ಇಲ್ಲವೋ ಹೇಳುತ್ತೇನೆ. ಮೊನ್ನೆ ಗಿರಾಕಿಯೊಬ್ಬಳು, ಇದರಲ್ಲಿ ಬೆಳ್ಳುಳ್ಳಿ ಹಾಕಿ ಕಾಸಿದರೆ ಕಾಲುನೋವು ಹೋಗುತ್ತದೆಯೇ ಎಂದು ಕೇಳಿದಳು. ಎಲ್ಲಿತ್ತೋ ಏನೋ, ಕಾಸಿದ ಬೆಳ್ಳುಳ್ಳಿಯ ಘಾಟು ಬಂದು ಮೂಗಿಗೆ ಬಡಿಯಿತು… ಎಣ್ಣೆ ಅಳೆಯುತ್ತಿದ್ದ ಕೈ ಅಲ್ಲೇ ನಿಂತಿತು.

ಉದಗೀರಕ್ಕೆ ಬರುವ ಮೊದಲು ನಾನಿದ್ದ ನಿಲಂಗಾದ ಗಲ್ಲಿಯಲ್ಲಿ ಎದುರು ಮನೆಯ ವೈನಿ ದಿನವೂ ಆ ಎಣ್ಣೆಯಿಂದ ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ವೈನಿ ಎಂದರೆ ಅತ್ತಿಗೆ; ಸಂಬಂಧ ಏನೂ ಇರಲಿಲ್ಲ, ಗಲ್ಲಿಗೆಲ್ಲ ಆಕೆ ವೈನಿಯೇ. ಜಳಕೋಟದ ಕುರಿ ಸಾಕುವವರ ಮಗಳು. ಸಣ್ಣವಳಿದ್ದಾಗ ಶಾಲೆಯ ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕಿದ್ದಳಂತೆ. ಊರ ಮುಂದೆ ಹುಡುಗಿ ಓಡುವುದೇ ಎಂದು ಅಣ್ಣ ಮರುದಿನವೇ ಶಾಲೆ ಬಿಡಿಸಿದ್ದ. ಇಬ್ಬರು ಮಕ್ಕಳ ತಾಯಿಯಾದ ಮೇಲೆ, ಉದಗೀರದಿಂದ ಜಳಕೋಟದವರೆಗೆ ದೊಡ್ಡ ಓಟ ಇಡುತ್ತಾರೆ, ಹೆಂಗಸರೂ ಓಡಬಹುದು ಎಂಬ ಸುದ್ದಿ ಆಕೆಯ ಕಿವಿಗೆ ಬಿತ್ತು.

"ನಮ್ಮಣ್ಣ ದಿನಾ ಊರ ಬಾಗಲ ಅಗಸಿ ಕಟ್ಟಿ ಮ್ಯಾಲ ಕುಂತಿರ್ತಾನ. ಅಂವಾ ಕುಂತಲ್ಲೇ ಕುಂತು ನೋಡಬೇಕು, ನಾ ಓಡಿ ಬರೋದು," ಎಂದಿದ್ದಳು. ಆಕೆಗೆ ಬೇಕಿದ್ದದ್ದು ಅಷ್ಟೇ.

ಆದರೆ ಅವು ಬರದ ವರ್ಷಗಳು. ಬೋರು ಬತ್ತಿ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರು ಬರುತ್ತಿತ್ತು, ಮನೆಗೆ ಇಷ್ಟೇ ಕೊಡ ಎಂದು ಗೊತ್ತುಮಾಡಿದ್ದರು. ವೈನಿ ಗಂಡನ ಹಳೆಯ ಪೈಜಾಮಾ ತೊಟ್ಟು ನಸುಕಿನಲ್ಲಿ ಓಡಿ ಬಂದರೆ ನಳದ ಕಟ್ಟೆಯ ಮೇಲಿನ ಹೆಂಗಸರು ಸುಮ್ಮನಿರುತ್ತಿರಲಿಲ್ಲ. "ಕುಡೀಲಿಕ್ಕಿ ನೀರಿಲ್ಲ, ಈಕಿ ಬೆವರು ಹರಸ್ಕೊಂತ ಹೊಂಟಾಳ. ಮೈ ತೊಳೀಲಿಕ್ಕಿ ಯಾರ ಕೊಡ ಎತ್ತತಾಳೋ!" ವೈನಿ ಒಂದು ಚೊಂಬು ನೀರಿನಲ್ಲಿ ಬಟ್ಟೆ ಅದ್ದಿ ಅವರೆದುರೇ ಕತ್ತು, ತೋಳು ಒರೆಸಿಕೊಳ್ಳುತ್ತಿದ್ದಳು. ಉಳಿದ ನೀರನ್ನು ತುಳಸಿಗೆ ಹಾಕಿ ಚೊಂಬನ್ನು ಬೋರಲು ಹಾಕಿ ತೋರಿಸುತ್ತಿದ್ದಳು.

ದೊಡ್ಡ ಓಟಕ್ಕೆ ಮೂರು ವಾರ ಮೊದಲು ನಿಲಂಗಾದಲ್ಲೇ ಸಣ್ಣದೊಂದು ಓಟ ಬಂತು. ಐದು ಕಿಲೋಮೀಟರು. ಇಟ್ಟವನು ಟ್ಯಾಂಕರಿನ ಗುತ್ತೇದಾರ. ಹೆಂಗಸರಲ್ಲಿ ಗೆದ್ದವಳ ಗಲ್ಲಿಗೆ ಒಂದು ಟ್ಯಾಂಕರು ನೀರು ಬಹುಮಾನ. ಆ ಹೊತ್ತಿಗೆ ನಮ್ಮ ಪಾಳಿಯ ಟ್ಯಾಂಕರು ಎರಡು ಸಲ ತಪ್ಪಿತ್ತು. ನಾನಾಗ ಮನೆಮನೆಗೆ ಶೇಂಗಾ ಚಟ್ನಿ ಮಾರುತ್ತಿದ್ದೆ, ಮಾತಿಗೆ ಕಡಿಮೆ ಇರಲಿಲ್ಲ. ನೇರವಾಗಿ ಗುತ್ತೇದಾರನ ಹತ್ತಿರ ಹೋಗಿ, ನಮ್ಮ ವೈನಿ ಗೆದ್ದರೆ ಟ್ಯಾಂಕರು ಅರ್ಧ ತುಂಬಿ ಬರಬಾರದು, ಪೂರ್ತಿ ಬರಬೇಕು, ಅದೂ ಅಂದೇ ಸಂಜೆ ಎಂದು ಕುದುರಿಸಿಕೊಂಡು ಬಂದೆ. ಗಲ್ಲಿಯಲ್ಲಿ ಎದೆಯುಬ್ಬಿಸಿ ನಡೆದೆ. ಬೈಯುತ್ತಿದ್ದ ಹೆಂಗಸರೇ ಈಗ ವೈನಿಯ ಬಾಗಿಲಿಗೆ ಹಾಲು ತಂದುಕೊಟ್ಟರು.

ವೈನಿ ಒಂದೇ ಮಾತು ಹೇಳಿದಳು. "ಮೊದಲ ಹೇಳ್ತೀನಿ ಕೇಳ್ರಿ. ಇದು ನನಗ ತಾಲೀಮ್ ಅದ, ಕುಸ್ತಿ ಅಲ್ಲ. ದೂರ ಓಡೋ ಕಾಲು ಅವ ಇವು, ಇಲ್ಲೇ ಮುರಕೊಳ್ಳಂಗಿಲ್ಲ."

ಬೇಡ ಬೇಡ ಅನ್ನುತ್ತಲೇ ಬೆಲೆ ಏರಿಸುವವರನ್ನು ನಾನು ಬಹಳ ನೋಡಿದ್ದೆ. ಇದೂ ಅದೇ ಅಂದುಕೊಂಡೆ.

ಓಟದ ದಿನ ಗಲ್ಲಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಬಂದಿದ್ದರು. ಅವನ್ನೇ ಬಡಿದು ಕೂಗಿದರು. ಉದಗೀರ ರಸ್ತೆಯಲ್ಲಿ ಹೋಗಿ ಹಿಂದಿರುಗುವಾಗ ವೈನಿಯೇ ಮುಂದಿದ್ದಳು. ಕೊನೆಗೆ ಇನ್ನೊಂದು ಗಲ್ಲಿಯ ಕಾಲೇಜು ಹುಡುಗಿ ಬಾಯಿ ತೆರೆದು, ಬಿದ್ದೇ ಬಿಡುತ್ತಾಳೇನೋ ಎಂಬ ಹಾಗೆ ಬಂದು ದಾಟಿದಳು. ವೈನಿ ಹೆಜ್ಜೆ ಬದಲಿಸಲಿಲ್ಲ. ಅದೇ ತಾಳ, ಅದೇ ಉಸಿರು. ಎರಡನೆಯವಳಾಗಿ ಬಂದು ನಿಂತಾಗ ಏದುಸಿರೂ ಇರಲಿಲ್ಲ. ನಮಗೆ ಉರಿದದ್ದೇ ಅದು.

"ಬಿಟ್ಟಬಿಟ್ರಲ್ರೀ ವೈನಿ!" ಎಂದು ಕಿರುಚಿದೆ. ಹಿಂದಿನಿಂದ ಯಾರೋ, "ನಿನ್ನ ತಾಲೀಮ್ ಕುಡದು ಬದಕಬೇಕೇನ ನಾವು?" ಎಂದರು.

ಆಕೆ ನೇರ ವೇದಿಕೆ ಹತ್ತಿದಳು. ಎರಡನೆಯ ಬಹುಮಾನ ಸ್ಟೀಲಿನ ಕೊಡ. ಅದನ್ನು ಗುತ್ತೇದಾರನ ಮುಂದಿನ ಮೇಜಿನ ಮೇಲೆ ಬೋರಲು ಹಾಕಿದಳು. ಮೈಕು ಚಾಲೂ ಇತ್ತು.

"ಖಾಲಿ ಕೊಡ ನಮ್ಮ ಮನ್ಯಾಗ ಬಾಳ ಅವ್ರೀ ಸಾಹೇಬ್ರ. ನಮ್ಮ ಎರಡು ಪಾಳಿ ಟ್ಯಾಂಕರ್ ಎಲ್ಲಿ ಹೋತು, ಅದು ಹೇಳ್ರಿ. ಅದನ್ನೇ ಅಲ್ಲೇನು ಇವತ್ತ ಬಹುಮಾನ ಮಾಡಿ ನಿಲ್ಲಿಸೀರಿ?"

ಆಮೇಲೆ ಇಳಿದು ಬಂದು ನಮಗೆ ಹೇಳಿದಳು: "ಇವತ್ತ ಗೆದ್ದಿದ್ರ, ಮುಂದಿನ ಪಾಳಿಗೂ ಓಡ್ರಿ ಅಂತಿದ್ದ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಮ್ಮದೇ ಮಾಲನ್ನು ನಮಗೇ ಮಾರಲು ಕುಳಿತವನ ಹತ್ತಿರ ನಾನು ಚೌಕಾಸಿ ಮಾಡಿ ಬಂದು ಬೀಗಿದ್ದೆ. ಈಗಲೂ ಅಂಗಡಿಗೆ ಕೆಲಸಕ್ಕೆ ಬರುವ ಹೊಸಬರಿಗೆ ಹೇಳುತ್ತೇನೆ: ಬೆಲೆ ಕೇಳುವ ಮೊದಲು ವಸ್ತು ಯಾರದು ಎಂದು ಕೇಳಿ. ಮರುದಿನ ಬೆಳಿಗ್ಗೆ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಕುಳಿತೆವು. ಬಿಸಿಲು ಏರುವುದರೊಳಗೆ ಟ್ಯಾಂಕರು ಬಂತು. ಆದರೂ ಗಲ್ಲಿ ವೈನಿಗೆ ಒಂದು ಒಳ್ಳೆಯ ಮಾತು ಆಡಲಿಲ್ಲ. ಸೋತವಳು ಎಂದೇ ಬಹಳ ದಿನ ಕರೆದರು. ನಾನೂ ಎದುರಾಡಲಿಲ್ಲ… ಗಿರಾಕಿಗಳು ಮುನಿದಾರು ಎಂಬ ಲೆಕ್ಕ ನನ್ನದು.

ದೊಡ್ಡ ಓಟದ ದಿನ ಜಳಕೋಟಕ್ಕೆ ಮಾತ್ರ ಹೋದೆ. ಬಿಸಿಲಿಗೆ ಗಂಡಸರೇ ದಾರಿಯಲ್ಲಿ ಕುಸಿದು ಕೂತಿದ್ದರು. ವೈನಿ ಬಂದಳು, ನಿಲಂಗಾದಲ್ಲಿ ನೋಡಿದ್ದ ಅದೇ ಹೆಜ್ಜೆಯಲ್ಲಿ. ಅಗಸಿ ಕಟ್ಟೆಯಿಂದ ಅಣ್ಣ ಎದ್ದು ನಿಂತ, ಏನೋ ಹೇಳಲು ಕೈ ಎತ್ತಿದ. ಓಟ ಮುಗಿಯುವ ಗೆರೆ ಇನ್ನೂ ಮುಂದಿತ್ತು. ಆಕೆ ಅವನನ್ನು ಒಮ್ಮೆ ದಿಟ್ಟಿಸಿ ನೋಡಿ, ನಿಲ್ಲದೆ ದಾಟಿ ಹೋದಳು.

ವೈನಿ ತೀರಿಕೊಂಡು ವರ್ಷವಾಯಿತು. ನಿಲಂಗಾದ ಆಕೆಯ ಮನೆಯ ಗೋಡೆಗೆ ಅದೇ ಅಣ್ಣ ಒಂದು ಫೋಟೋ ತಂದು ಹಾಕಿದ್ದಾನೆ. ತಲೆತುಂಬ ಸೆರಗು, ನೆಲ ನೋಡುವ ಕಣ್ಣು, ಮದುವೆಯ ಕಾಲದ್ದು. ಜಳಕೋಟದ ಗೆರೆ ದಾಟುವಾಗಿನ, ಎದೆಗೆ ನಂಬರು ಚುಚ್ಚಿಕೊಂಡ ಫೋಟೋ ನನ್ನ ಹತ್ತಿರವಿತ್ತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಒಯ್ದೆ. ಒಂದಿಡೀ ಮಧ್ಯಾಹ್ನ ವಾದ ಮಾಡಿದೆ. ಅಣ್ಣ ಒಪ್ಪಲಿಲ್ಲ, ಮಕ್ಕಳು ತಲೆ ತಗ್ಗಿಸಿದರು. ಜೀವಮಾನದಲ್ಲಿ ನನಗೆ ಕುದುರದ ಸೌದಾ ಅದೊಂದೇ.

ಆ ಗೋಡೆಯ ಮುಂದೆ ನಾನು ಕೈ ಮುಗಿಯಲಿಲ್ಲ, ಮುಗಿಯುವುದೂ ಇಲ್ಲ. ಯಾರಿಗೆ ಮುಗಿಯಲಿ? ಅಲ್ಲಿರುವವಳು ನನಗೆ ಪರಿಚಯವಿಲ್ಲ. ಪರಿಚಯವಿದ್ದವಳು ಇನ್ನು ಎಲ್ಲೂ ಇಲ್ಲ…