ಒಂದು ಕೋಣೆ ಒಪ್ಪದಿದ್ದರೆ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಲ್ಲಿ ನಾಡಿನ ದುಕ್ಮ್‌ಗೆ ವೆಲ್ಡರ್ ಆಗಿ ಬಂದು ಈಗ ಫೋರ್ಮನ್. ನಾನು ಬೆಸೆದ ಪೈಪು ಬೆಸುಗೆ ಪರೀಕ್ಷೆಯ ಎಕ್ಸ್‌ರೇಯಲ್ಲಿ ಫೇಲಾದದ್ದು ಅಪರೂಪ. ಆದರೆ ಅಮೆರಿಕದ ಚರಿತ್ರೆಗೂ ನನ್ನ ಮಾತು ಬೇಕಾದೀತೆಂದು ಎಣಿಸಿರಲಿಲ್ಲ.

ರಜೆಗೆ, ಹೆಂಡತಿ ಮಗಳು ಇರುವ ರಾಜಧಾನಿಯ ಹಮ್ರಿಯಾದ ಮನೆಗೆ ಬಂದಿದ್ದ ಶುಕ್ರವಾರ ಹತ್ತನೇ ಕ್ಲಾಸಿನ ಮಗಳು ಪುಸ್ತಕ ಹಿಡಿದು ಉರು ಹೊಡೆಯುತ್ತಿದ್ದಳು. ಇಲ್ಲಿ ವಾರ ಶುರುವಾಗುವುದೇ ಭಾನುವಾರ; ಆವತ್ತು ಶಾಲೆಯ ಭಾಷಣ ತಂಡಕ್ಕೆ ಆಯ್ಕೆ. ಸಂವಿಧಾನ ಬರುವ ಮೊದಲು ಅಮೆರಿಕದ ಸರ್ಕಾರ ಯಾಕೆ ದುರ್ಬಲವಾಗಿತ್ತು ಎಂಬುದು ವಿಷಯ. ಹೋದ ವರ್ಷ ಟೀಚರ್ ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ತಡವರಿಸಿ ಹೊರಬಿದ್ದಿದ್ದಳು.

“ಎಂತ ಮಾರಾಯ್ತಿ ಅದು? ನನಗೂ ಸ್ವಲ್ಪ ಹೇಳು.”

“ಅಪ್ಪ, ಇಟ್ಸ್ ಹಿಸ್ಟರಿ. ನಿಮ್ಮ ವೆಲ್ಡಿಂಗ್ ಅಲ್ಲ.”

“ಹೇಳು ಹೇಳು. ನಾನೂ ತಲೆ ಇಟ್ಕೊಂಡೇ ಬಂದದ್ದು.”

ಹೇಳಿದಳು. ಹದಿಮೂರು ರಾಜ್ಯಗಳು. ಕೇಂದ್ರ ತೆರಿಗೆ ಹಾಕುವಂತಿಲ್ಲ, ಕೇಳಿಕೊಳ್ಳಬಹುದು ಅಷ್ಟೆ. ಮೂಲ ಒಪ್ಪಂದ ಬದಲಿಸಬೇಕಾದರೆ ಹದಿಮೂರೂ ಒಪ್ಪಬೇಕು.

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. “ಅದು ನಮ್ಮ ಮೆಸ್ ಕಮಿಟಿ!”

ದುಕ್ಮ್‌ನ ನಮ್ಮ ಲೇಬರ್ ಕ್ಯಾಂಪಿನಲ್ಲಿ ಒಂಬತ್ತು ಕೋಣೆಯವರು ಸೇರಿ ಅಡುಗೆ ಮಾಡಿಸುತ್ತೇವೆ. ಒಂದು ಕೋಣೆ ಬೇಡವೆಂದರೂ ನಿಯಮ ಬದಲಾಗದು. ಶಿಫ್ಟ್ ಬದಲಾದಾಗ ಊಟದ ಹೊತ್ತು ಮುಂದೂಡಬೇಕಾಯಿತು. ಎಂಟು ಕೋಣೆ ಹೂಂ ಎಂದಿತು, ಒಂಬತ್ತನೆಯದು ಉಹೂಂ. ಆವತ್ತಿನಿಂದ ತಣಿದ ಕುಚ್ಚಲಕ್ಕಿ ಅನ್ನವೇ ಗತಿ.

ಮಗಳು ನಕ್ಕಳು. “ಅಷ್ಟು ಬುದ್ಧಿ ಇಲ್ವಾ? ಅಂಥಾ ರೂಲ್ ಯಾಕೆ ಮಾಡಿದ್ದು?”

“ಹಗಲಿಡೀ ಸೂಪರ್‌ವೈಸರನ ‘ಯಲ್ಲಾ, ಯಲ್ಲಾ’ ಅವಸರ ಕೇಳಿದವರು ನಾವು. ಸಂಜೆಗೆ ಮತ್ತೊಬ್ಬ ಯಜಮಾನ ಬೇಡ ಅಂತ ನಾವೇ ಮಾಡಿಕೊಂಡದ್ದು.”

ಪುಸ್ತಕದಲ್ಲಿ ಗೀಟೆಳೆಯುತ್ತಿದ್ದ ಅವಳ ಪೆನ್ನು ನಿಂತಿತು. “ಅಪ್ಪ! ಅವರೂ ಆಗಷ್ಟೇ ರಾಜನನ್ನು ಓಡಿಸಿದ್ದು. ಮತ್ತೊಬ್ಬ ರಾಜ ಹುಟ್ಟಿಯಾನು ಅಂತಲೇ ಹೆದರಿಕೆ!”

ಆಮೇಲೆ ಪುಸ್ತಕ ಪಕ್ಕಕ್ಕಿಟ್ಟು, ಕೋಣೆಯಲ್ಲಿ ಅತ್ತಿತ್ತ ನಡೆಯುತ್ತ, ತನ್ನದೇ ಮಾತಿನಲ್ಲಿ ಹೇಳತೊಡಗಿದಳು. ಅಡಿಗೆಮನೆಯಿಂದ ಹೆಂಡತಿ, “ಇಬ್ಬರಿಗೂ ಎಂತ ಹುಚ್ಚು?” ಎಂದಳು.

ಶನಿವಾರ ನಾನು ದುಕ್ಮ್‌ಗೆ ಮರಳಿದೆ. ಭಾನುವಾರ ಮಧ್ಯಾಹ್ನ ಸೈಟಿಗೆ ಫೋನ್ ಬಂತು. ಗದ್ದಲದಲ್ಲಿ ಅವಳ ಕಿರುಚಾಟ ಮಾತ್ರ ಸ್ಪಷ್ಟ: “ಸೆಲೆಕ್ಟ್ ಆದೆ! ಟೀಚರ್ ಅದನ್ನೇ ಕೇಳಿದ್ರು, ಬೇಕಂತಲೇ ದುರ್ಬಲ ಸರ್ಕಾರ ಯಾಕೆ ಮಾಡಿದ್ರು ಅಂತ!”

ಹೆಲ್ಮೆಟ್ ತೆಗೆದು ಗಾಳಿಗೆಸೆದೆ. ಸೇಫ್ಟಿಯವನು ಬೈದ, ಬೈಯಲಿ.

“ಅಪ್ಪ, ಮುಂದಿನ ರೌಂಡಿಗೆ ಸಂವಿಧಾನ. ಕ್ಯಾಂಪಲ್ಲಿ ನೀವು ಹೇಗೆ ಸರಿ ಮಾಡಿದ್ರಿ?”

ಸರಿ ಮಾಡಿರಲಿಲ್ಲ. “ನಾಳೆ ಹೇಳ್ತೇನೆ” ಎಂದೆ. ಸಂಜೆ ಬಸ್ಸಿಳಿದವನು ಸ್ನಾನಕ್ಕೂ ಹೋಗದೆ ನೇರ ಒಂಬತ್ತನೇ ಕೋಣೆಯ ಬಾಗಿಲು ತಟ್ಟಿದೆ.