ಮುಳುಗಿಸಿಟ್ಟ ಹರಿಗೋಲು

ನಮ್ಮ ನಡುಗಡ್ಡೆಯ ಊರಿನ ಚರಿತ್ರೆ ಕೇಳಿಕೊಂಡು ಬಂದವರಿಗೆ ಎಲ್ಲರೂ ಕೋಟೆಯ ಗೋಡೆ ತೋರಿಸುತ್ತಾರೆ. ಹೊಳೆ ಓಣಿಯೊಳಗೆ ನುಗ್ಗಿದ ವರ್ಷದ ಗುರುತು ತೋರಿಸುತ್ತಾರೆ. ನನ್ನಿಂದಾದ ಚರಿತ್ರೆಯೂ ಒಂದಿದೆ. ಅದನ್ನು ನನ್ನೆದುರಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಮಸ್ಕಿ ಕಡೆಯ ಒಣಭೂಮಿಯವನು. ಮೆಣಸಿನಕಾಯಿ ಗಂಟು ಹೊತ್ತು ಲಿಂಗಸುಗೂರು ಸಂತೆಯಲ್ಲಿ ವ್ಯಾಪಾರ ಕಲಿತೆ. ಕೃಷ್ಣೆಯ ನಡುವಿನ ಈ ಊರಿಗೆ ಮನೆಯಳಿಯನಾಗಿ ಬಂದೆ. ಮಾತಿನಿಂದ ಯಾರನ್ನಾದರೂ ಒಪ್ಪಿಸುತ್ತಿದ್ದೆ. ಈಜು ಮಾತ್ರ ಬರುತ್ತಿರಲಿಲ್ಲ.

ಅದು ನಿಜಾಮನ ಆಳ್ವಿಕೆಯ ಕೊನೆಯ ಮಳೆಗಾಲ. ನಿಜಾಮನ ಕಡೆಯ ಬಂದೂಕಿನ ಗುಂಪುಗಳು ಹಳ್ಳಿಗಳಿಗೆ ನುಗ್ಗುತ್ತಿವೆ ಎಂದು ಸುದ್ದಿ ಬಂತು. ಮರುದಿನ ಆಚೆ ದಡದಲ್ಲಿ ಹೊಗೆ ಕಂಡಿತು. ನಮ್ಮಲ್ಲಿದ್ದದ್ದು ಮೂರು ತೊಗಲಿನ ಹರಿಗೋಲು, ಮನೆ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡವು. ಅವು ಕಣ್ಣಿಗೆ ಬಿದ್ದರೆ ಬಂದೂಕು ತೋರಿಸಿ ಕರೆಸಿಕೊಂಡು ದಾಟಿ ಬರುತ್ತಾರೆ. ಕಲ್ಲು ತುಂಬಿ ಹೊಳೆಯಲ್ಲೇ ಮುಳುಗಿಸಿಡೋಣ ಎಂದೆ.

"ತೊಗಲ ಬಿಸಲಿಗೆ ಬೋರಲ ಹಾಕಿ ಒಣಗಸಬೇಕು ಅಳಿಯಾ. ನೀರಾಗ ಇಟ್ರ ಕೊಳಿತೈತಿ," ಎಂದ ಊರಿನ ಅಂಬಿಗ. ಊರಿನ ಹಿರಿಯರಿಗೆಲ್ಲ ನಾನು ಅಳಿಯನೇ.

"ನಾಕ ದಿನದಾಗ ಏನ್ ಕೊಳಿತೈತಿ ಮಾವಾ? ಜೀವಾ ದೊಡ್ಡದೋ, ತೊಗಲ ದೊಡ್ಡದೋ?"

ಹಿರಿಯರು ನನ್ನ ಕಡೆ ವಾಲಿದರು.

ನಾಲ್ಕು ದಿನ ಹನ್ನೆರಡಾದವು. ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆಯಿತು. ಕೂಸು ಅಡ್ಡ ಇದೆ ಎಂದರು ಅತ್ತೆ. ಮಗಳ ಮನೆಗೆ ಹೋದ ಸೂಲಗಿತ್ತಿ ಆಚೆ ದಡದಲ್ಲೇ ಉಳಿದಿದ್ದಳು. ಹರಿಗೋಲು ಮೇಲೆತ್ತಿದೆವು. ಹೊಲಿಗೆ ಬಿಚ್ಚಿತ್ತು, ತೊಗಲು ನಾರುತ್ತ ಕೈಗೇ ಕಿತ್ತು ಬಂತು. ಮೂರೂ ಹಾಗೆಯೇ. ಹೊಳೆ ಏರುತ್ತಿತ್ತು.

ಈಜಿ ಹೋಗಿ ಸೂಲಗಿತ್ತಿಯನ್ನು ಕರೆತರಲು ಅಂಬಿಗ, ತೇಲಿಸುವ ಒಣಗಿದ ಸೋರೆಬುರುಡೆಗಳನ್ನು ಎದೆಗೆ ಕಟ್ಟಿಕೊಳ್ಳತೊಡಗಿದ.

"ಈಗ ಹೊಳೀಗೂ ಮಾತ ಹೇಳಿ ಒಪ್ಪಸು ನೋಡೂಣು ಅಳಿಯಾ," ಎಂದ.

"ನಾನೂ ಬರ್ತೀನಿ ಮಾವಾ."

"ನೀ ಬಂದ್ರ ನಿನ್ನ ಹೆಣಾ ಹುಡುಕೂದು ಒಂದು ಕೆಲಸ. ಇಲ್ಲೇ ಕುಂದ್ರು."

ಅವನ ತಲೆ ಚುಕ್ಕಿಯಾಗಿ, ಆಮೇಲೆ ಕಾಣದಾಯಿತು. ಹಿಂದೆ ಹೆಂಡತಿಯ ಕೂಗು, ಮುಂದೆ ಬಂದೂಕಿನವರಿರಬಹುದಾದ ದಡ. ಕೂಗು ನಿಂತಾಗಲೆಲ್ಲ ಮನೆಯತ್ತ ತಿರುಗಿ ಕಿವಿಗೊಡುತ್ತಿದ್ದೆ.

ಇದನ್ನು ಓದುವವರಿಗೆ ಒಂದು ಮಾತು. ಅಂಜಿಕೆಯಾದಾಗ ಜಾಣನ ಸಲಹೆ ಕೇಳಬೇಡಿ, ಆಯಾ ಕಸುಬಿನವನನ್ನು ಕೇಳಿ. ಜಾಣನಿಗೂ ಅಂಜಿಕೆಯಾಗಿರುತ್ತದೆ, ಅದನ್ನವನು ಮಾತಿನಲ್ಲಿ ಮುಚ್ಚಿಡುತ್ತಾನೆ. ನಾನು ಮುಚ್ಚಿಟ್ಟಿದ್ದೆ.

ಮಧ್ಯಾಹ್ನ ಇಳಿಯುವಾಗ ನೀರಿನಲ್ಲಿ ಎರಡು ತಲೆ ಕಂಡವು. ಸೂಲಗಿತ್ತಿಯೂ ಅಂಬಿಗರ ಕುಲದವಳೇ, ಈಜು ಬಲ್ಲವಳು. ಬುರುಡೆ ಬಿಚ್ಚಿ, ಸೀರೆ ಹಿಂಡಿಕೊಳ್ಳುತ್ತ ನನ್ನನ್ನು ನೋಡಿದಳು.

"ಮುಳಗಸ್ರಿ ಅಂದ ಶಾಣ್ಯಾ ನೀನ ಏನು?"

ತಲೆಯಾಡಿಸಿದೆ.

"ನಡಿ, ನೀರ ಕಾಸಾಕ ಹೇಳು."

ಹೊತ್ತು ಮುಳುಗುವ ಮುಂಚೆ ಕೂಸು ಅತ್ತಿತು. ಆ ದನಿಗಾಗಿ ಅಷ್ಟು ಕಾದಿದ್ದ ನಾನು ಓಡಿ ಬಾಗಿಲಿಗೆ ಅಗಳಿ ಹಾಕಿದೆ, ಕಿಟಕಿಗೆ ಕಂಬಳಿ ಒತ್ತಿ ಹಿಡಿದೆ. ಆಚೆ ದಡಕ್ಕೆ ಕೇಳಿಸಿದರೆ? ಒಳಕೋಣೆಯತ್ತ ತಿರುಗಿ, ಕೂಸನ್ನು ಸುಮ್ಮನಾಗಿಸಿ ಎಂದೆ.

"ಅಳ್ಳಿ ಬಿಡೋ," ಒಳಗಿನಿಂದ ಸೂಲಗಿತ್ತಿ ಎಂದಳು. "ಅಕಿಗಿ ಉಸರು ಈಗಷ್ಟ ಕೂಡೇತಿ. ಇನ್ನೊಂದೀಟು ಅಳಬೇಕು."

ಕಂಬಳಿ ತೆಗೆದೆ. ಅಗಳಿ ತೆಗೆಯಲು ಮಾತ್ರ ಕೈ ಬರಲಿಲ್ಲ.