ಬೆಲ್ಟಿನೊಳಗಿನ ದನಿ

ಔಷಧಿ ಗೋದಾಮಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಅಂತ. ಹದಿನೆಂಟು ವರ್ಷದ ಹಿಂದೆ ಇಲ್ಲಿ ಸೇರುವ ಮುಂಚೆ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದ, ಅದಕ್ಕೇ ಆ ಹೆಸರು ಬಂತು, ಬಂದದ್ದು ಹಾಗೇ ಅಂಟಿಕೊಂಡಿತು. ಹೆಸರಿಗೆ ರೇಡಿಯೋ, ಆದರೆ ಮಾತಿನಲ್ಲಿ ಮಹಾ ಜಿಪುಣ. ಬೆಳಿಗ್ಗೆ ‘ಬಂದೆ’ ಅನ್ನುವನು, ಸಂಜೆ ‘ಹೊರಟೆ’ ಅನ್ನುವನು. ನಡುವೆ ಬಾಯಿ ಬಿಟ್ಟನೆಂದರೆ ಕಪಾಟಿನ ನಂಬರು ಹೇಳುವುದಕ್ಕೇ ಇರಬೇಕು. ಇಂಥವನು ಹೊಟ್ಟೆಯೊಳಗೆ ಒಂದು ಗುಟ್ಟು ಇಟ್ಟುಕೊಂಡರೆ ಯಾರಿಗೆ ತಾನೇ ಗೊತ್ತಾಗಬೇಕು ಹೇಳಿ.

ಗುಟ್ಟು ಇಷ್ಟೇ, ಅವನ ಕಣ್ಣು ಹೋಗುತ್ತಿತ್ತು.

ಒಂದೇ ಸಲಕ್ಕೆ ಹೋಗಿದ್ದರೆ ಅತ್ತು ಕರೆದು ಸುಮ್ಮನಾಗಬಹುದಿತ್ತು. ಇದು ಸುತ್ತಲಿಂದ ಒಳಕ್ಕೆ, ವರ್ಷವರ್ಷವೂ ಒಂದಿಷ್ಟು ಮುಚ್ಚಿಕೊಂಡು ಬರುತ್ತಿತ್ತು. ಮೊದಮೊದಲು ಸಂಜೆಯ ಮಬ್ಬಿನಲ್ಲಿ ಮೆಟ್ಟಿಲು ತಪ್ಪುತ್ತಿತ್ತು. ಆಮೇಲೆ ಪಕ್ಕದಲ್ಲಿ ನಿಂತವರು ಕಾಣದಾದರು. ಡಿಕ್ಕಿ ಹೊಡೆಸಿಕೊಂಡವರು ಬೀದಿಯಲ್ಲಿ ‘ಏನ್ರೀ, ಕಣ್ಣು ಕಾಣಲ್ವಾ?’ ಅಂತ ಗದರುತ್ತಿದ್ದರು. ನಮ್ಮ ಜನ ಈ ಮಾತನ್ನು ದಿನಕ್ಕೆ ಹತ್ತು ಸಲ ಅಂದುಬಿಡುತ್ತಾರೆ, ಅದರಲ್ಲಿ ಒಂದು ಯಾರಿಗೆ ಹೋಗಿ ನಾಟುತ್ತದೋ ಯಾರಿಗೆ ಗೊತ್ತು. ನಲವತ್ತೈದು ದಾಟುವ ಹೊತ್ತಿಗೆ, ಒಳ್ಳೆ ಬೆಳಕಿದ್ದರೆ, ಒಂದು ಕೊಳವೆಯೊಳಗಿಂದ ನೋಡಿದಷ್ಟು ಉಳಿದಿತ್ತು. ಗೋದಾಮಿನ ಹಿಂದಿನ ಸಾಲುಗಳಲ್ಲಿ ಅಷ್ಟು ಬೆಳಕೂ ಇರಲಿಲ್ಲ.

ಹೆಂಡತಿಗೆ ಹೇಳದೆ ಒಂದು ದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಒಳ್ಳೆಯವರೇ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಅಂತ ಕೇಳಿದರು. ಅವನ ಅಪ್ಪ ಐವತ್ತಕ್ಕೆ ಪೂರ್ತಿ ಕುರುಡರಾಗಿದ್ದರು. ಬೆಸುಗೆ ಕೆಲಸದಲ್ಲಿ ಕಿಡಿ ಹಾರಿ ಹಾಗಾಯಿತು ಅಂತ ಅಮ್ಮ ಹೇಳುತ್ತಿದ್ದಳು. ಇವನು ಅದನ್ನೇ ನಂಬಿದ್ದ, ಮದುವೆಯಾದಾಗ ಹೆಂಡತಿಗೂ ಅದನ್ನೇ ಹೇಳಿದ್ದ. ಕಿಡಿ ಹಾರಿದರೆ ಹೀಗೆ ಆಗುವುದಿಲ್ಲ, ನಿಮ್ಮದು ರಕ್ತದಲ್ಲೇ ಇಳಿದು ಬಂದಿದೆ, ಸದ್ಯಕ್ಕೆ ನಮ್ಮ ಕೈಯಲ್ಲಿ ಔಷಧಿಯಿಲ್ಲ ಅಂದರು ಡಾಕ್ಟರಮ್ಮ. ಹದಿನೆಂಟು ವರ್ಷ ಔಷಧಿಯ ನಡುವೆಯೇ ಉಸಿರಾಡಿದವನು ಪೆಚ್ಚಾಗಿ ಕೂತ. ಅವರು ಪೆನ್ನು ತೆಗೆದುಕೊಂಡು ಕೊನೆಯದಾಗಿ ಕೇಳಿದರು.

“ಮಕ್ಕಳಿದ್ದಾರಾ?”

“ಇಲ್ಲ,” ಅಂದ.

ಮನೆಯಲ್ಲಿ ಹದಿನಾರು ವರ್ಷದ ಮಗಳಿದ್ದಳು. ಒಬ್ಬಳೇ ಮಗಳು. ಇದ್ದಾಳೆ ಅಂದರೆ ಕರೆದುಕೊಂಡು ಬನ್ನಿ ಅನ್ನುತ್ತಾರೆ, ಕರೆದುಕೊಂಡು ಬಂದರೆ ದೀಪ ಬಿಟ್ಟು ನೋಡುತ್ತಾರೆ, ನೋಡಿದರೆ ಏನಾದರೊಂದು ಹೇಳುತ್ತಾರೆ. ಯಾರೂ ಹೇಳದಿದ್ದರೆ ಅದು ಇಲ್ಲವೇ ಇಲ್ಲ ಅಂತ ಅವನ ಲೆಕ್ಕ. ಎಂಥ ಅಪ್ಪನಪ್ಪಾ ಇವನು ಅಂತ ಬೈಯಬೇಕು ಅನ್ನಿಸಿದರೆ ಬೈಯಿರಿ, ನನಗೂ ಎಷ್ಟೋ ಸಲ ಅನ್ನಿಸಿದೆ. ಆಸ್ಪತ್ರೆಯಿಂದ ಮನೆಗೆ ನಡೆದುಕೊಂಡೇ ಬಂದ. ಬಂದವನು ಊಟ ಬೇಡ ಅಂದ.

ಆ ತಿಂಗಳೇ ಗೋದಾಮಿನಲ್ಲಿ ಹಳೆಯ ಕೈಮಷಿನ್‌ಗಳನ್ನು ತೆಗೆದು ಹೊಸವನ್ನು ತಂದರು. ಹಳೆಯವು ಇಟ್ಟಿಗೆಯಷ್ಟು ದಪ್ಪ. ಪೆಟ್ಟಿಗೆಗೆ ಅಂಟಿಸಿದ ಗೆರೆಗೆರೆ ಚೀಟಿಯ ಮೇಲೆ ಕೆಂಪು ಬೆಳಕು ಬಿಟ್ಟರೆ ಕೀಂಯ್ ಅಂತ ಕೂಗಿ, ಒಳಗಿನ ಔಷಧಿ ಯಾವುದು ಅಂತ ಪುಟ್ಟ ಪರದೆಯ ಮೇಲೆ ತೋರಿಸುತ್ತಿದ್ದವು. ಅವನಿಗೆ ಕಷ್ಟವಾಗಿದ್ದದ್ದು ಆ ಪರದೆಯೇ. ಮಷಿನ್ನು ಓದಿದ್ದನ್ನು ತೋರಿಸುವ ಬದಲು ಕಿವಿಗೆ ಹೇಳಿದರೆ? ಗುಜರಿಗೆ ಹೋಗುವ ರಾಶಿಯಿಂದ ಎರಡು ಕೊಡಿ ಅಂತ ಸೂಪರ್‌ವೈಸರನ್ನು ಕೇಳಿದ. ಅವರು ನಕ್ಕು, ಬೇಕಾದರೆ ನಾಲ್ಕು ತಗೋ ಅಂದರು.

ಭಾನುವಾರಗಳೆಲ್ಲ ಕಿಟಕಿಯ ಪಕ್ಕದ ಮೇಜಿನ ಮೇಲೆ ಹೋದವು. ಮೊದಲನೆಯ ಮಷಿನ್ನು ಹೊಗೆಯಾಡಿ ಸತ್ತಿತು, ಕೆಂಪು ತಂತಿ ಯಾವುದು ಕಪ್ಪು ಯಾವುದು ಅಂತ ಗುರುತು ಸಿಗದೆ ಬ್ಯಾಟರಿಯನ್ನು ತಿರುಗಮುರುಗ ಕೊಟ್ಟಿದ್ದ. ಎರಡನೆಯದರಲ್ಲಿ ಪ್ರತಿ ತಂತಿಗೂ ಗಂಟು ಹಾಕಿಟ್ಟುಕೊಂಡ, ಕೆಂಪಿಗೆ ಒಂದು, ಕಪ್ಪಿಗೆ ಎರಡು. ಬೆಸುಗೆ ಹಾಕುವಾಗ ಕಾದ ಕಡ್ಡಿ ಎಲ್ಲಿದೆ ಅಂತ ಬೆರಳಿನಿಂದಲೇ ಹುಡುಕಿ ಬೆರಳೆಲ್ಲ ಬೊಬ್ಬೆ. ಪರದೆಯನ್ನು ಕಿತ್ತು ಪಕ್ಕಕ್ಕಿಟ್ಟು, ಒಳಗಿನ ಹಸಿರು ಬೋರ್ಡನ್ನು ಅಲ್ಯೂಮಿನಿಯಂ ಸೋಪಿನ ಡಬ್ಬಿಯಲ್ಲಿ ಕೂರಿಸಿದ. ಕೆಂಪು ಬೆಳಕಿನ ಕಣ್ಣನ್ನು ಬಿಚ್ಚಿ, ಹಳೇ ಚಪ್ಪಲಿಯ ಚರ್ಮದಲ್ಲಿ ಬೆರಳಿಗೊಂದು ಟೊಪ್ಪಿ ಹೊಲಿದು ಅದರ ಮೇಲೆ ಕಟ್ಟಿದ. ಅಲ್ಲಿಂದ ತಂತಿ ತೋಳಿನೊಳಗೆ ಹಾದು ಸೊಂಟದ ಡಬ್ಬಿಗೆ, ಡಬ್ಬಿಯಿಂದ ಬೆನ್ನ ಮೇಲೆ ಹತ್ತಿ ಕಿವಿಗೆ. ಚೀಟಿಯ ನಂಬರಿಗೆ ತಕ್ಕ ದನಿಯನ್ನು ಹುಡುಕಿ ಬಾರಿಸು ಅಂತ ಮಷಿನ್ನಿಗೆ ತಿಳಿಯುವ ಭಾಷೆಯಲ್ಲಿ ಬರೆದದ್ದು ಒಟ್ಟು ನಲವತ್ತು ಸಾಲು. ಅದಕ್ಕೆ ಮಾತ್ರ ನಾಲ್ಕು ತಿಂಗಳು ಹಿಡಿಯಿತು, ಬಡಪಾಯಿಗೆ ಅದು ಬರುತ್ತಿರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಡಬ್ಬಿಗೆ ಹೊಂದುವ ಹಾಗೆ ದಪ್ಪ ಬಟ್ಟೆಯ ಬೆಲ್ಟೊಂದನ್ನು ಅವಳೇ ಹೊಲಿದುಕೊಟ್ಟಳು. ಹೆಂಡತಿಗೊಂದು ಒಡ್ಯಾಣ ಮಾಡಿಸುವ ಯೋಗ್ಯತೆ ಇಲ್ಲ, ತಾವು ಮಾಡಿಸಿಕೊಂಡರು ನೋಡಿ ಅಂತ ನಕ್ಕಳು. ಪೆಟ್ಟಿಗೆ ಎತ್ತುವಾಗ ಎರಡೂ ಕೈ ಖಾಲಿ ಇರಲಿ ಅಂತ ಇದೆಲ್ಲ ಅಂದಿದ್ದ. ಅವಳು ನಂಬಿದ್ದಳು.

ಇನ್ನು ಡಬ್ಬಿಯಲ್ಲಿ ರೆಕಾರ್ಡು ಮಾಡಿಡಲು ಬೇಕಾಗಿದ್ದದ್ದು ದನಿ. ಔಷಧಿಗಳ ಪಟ್ಟಿಯಲ್ಲಿ ಒಂಬೈನೂರು ಹೆಸರು. ಅಷ್ಟು ಸಣ್ಣ ಅಕ್ಷರ ಅವನಿಗೆ ಓದಲಾಗುತ್ತಿರಲಿಲ್ಲ, ಮಗಳನ್ನು ಕೂರಿಸಿದ. ಹುಡುಗಿ ಕಿಟಕಿಯ ಬಳಿ ಕಾಲು ಮಡಚಿ ಕೂತು ಒಂದೊಂದನ್ನೇ ಸ್ಪಷ್ಟವಾಗಿ ಓದುವಳು, ನಡುವೆ ಬಾಯಿ ತಿರುಗದ ಹೆಸರು ಬಂದರೆ ನಗುವಳು. ಹೊರಗೆ ಬೆಳಕು ಇಳಿಯಿತೋ ಇಲ್ಲವೋ, ಸಾಕು ಅಪ್ಪ, ನಾಳೆ ಓದ್ತೀನಿ ಅಂತ ಎದ್ದುಬಿಡುವಳು. ಅಮ್ಮ ಸೋಮಾರಿ ಅನ್ನುವಳು. ಒಂದು ಸಂಜೆ ಹಾಗೆ ಎದ್ದವಳು ದಾರಿಯಲ್ಲಿದ್ದ ಸ್ಟೂಲನ್ನು ಒದ್ದು ಮುಗ್ಗರಿಸಿದಾಗ, ಕಣ್ಣೆಲ್ಲಿಟ್ಟುಕೊಂಡು ನಡೀತೀಯೇ ಅಂತ ಅಮ್ಮ ಗದರಿದಳು. ಹುಡುಗಿ ಮೊದಲಿಂದಲೂ ಅವಸರದವಳು ಅಂತ ಅವನೇ ಜೋರಾಗಿ ಹೇಳಿ, ಮತ್ತೆ ತಂತಿಗಳ ಮೇಲೆ ಬಗ್ಗಿದ.

ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲಿನ ಬಲ್ಬು ಹೋಗಿ ಯಾವ ಕಾಲವಾಯಿತೋ, ಹಾಕಿಸುವುದು ಯಾರ ಕೆಲಸ ಅಂತ ಕಟ್ಟಡದವರೆಲ್ಲ ವಾದ ಮಾಡುತ್ತಲೇ ಇದ್ದರು. ಅವನು ಗೋದಾಮಿನ ಚೀಟಿಗಳ ಒಂದು ಸುರುಳಿ ತಂದು, ಬೆರಳಿಗೆ ತಾಗುವ ಹಾಗೆ ಮೂರು ಮೂರು ಚೀಟಿ ಒಂದರ ಮೇಲೊಂದು ಮೆತ್ತಿ, ಮೆಟ್ಟಿಲಿನ ಕಂಬಿಯ ಅಡಿಭಾಗಕ್ಕೆ ಅಂಟಿಸಿದ. ತಿರುವು ಬರುವ ಕಡೆ ಒಂದು, ಮೆಟ್ಟಿಲು ಮುಗಿಯುವ ಕಡೆ ಎರಡು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ತಳಕ್ಕೆ ಎರಡು, ಸಕ್ಕರೆಯದಕ್ಕೆ ಒಂದು. ಒಂದೂ ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ. ಮಷಿನ್ನಿನಂಥ ಚೂಟಿ ಕಣ್ಣಿನ ಹೆಂಡತಿಗೇ ವರ್ಷದ ಮೇಲಾದರೂ ಒಂದೂ ಸಿಕ್ಕಲಿಲ್ಲ. ಒಮ್ಮೆ ಏಳನೇ ಮೆಟ್ಟಿಲ ಬಳಿಯದು ಉದುರಿ, ಅಂದು ಬಿದ್ದು ಮಂಡಿ ತರಚಿಕೊಂಡ. ಭಾನುವಾರ ಅಂಟಿಸಬೇಕು ಅಂದುಕೊಂಡಿದ್ದ. ಎರಡು ದಿನ ಬಿಟ್ಟು ಕೈಯಾಡಿಸಿದರೆ ಚೀಟಿ ಅಲ್ಲೇ ಇತ್ತು. ತಾನೇ ಅಂಟಿಸಿ ಮರೆತಿರಬೇಕು ಅಂದುಕೊಂಡ.

ಗೋದಾಮಿನಲ್ಲಿ ಬೆಲ್ಟು ಅವನ ಕೈ ಹಿಡಿಯಿತು. ಬೆರಳು ಚಾಚಿದರೆ ಸಾಕು, ಕಿವಿಯೊಳಗೆ ಮಗಳು ಹೇಳುವಳು, ‘ಜ್ವರದ ಮಾತ್ರೆ, ದೊಡ್ಡವರದು.’ ಇನ್ನೊಂದಕ್ಕೆ ಚಾಚಿದರೆ, ‘ಕಿವಿಗೆ ಹಾಕುವ ಹನಿ.’ ಬಾಯಿ ತಿರುಗದ ಹೆಸರು ಬಂದಾಗ ಅವಳು ನಕ್ಕಿದ್ದೂ ಕೇಳುತ್ತಿತ್ತು. ಸಾಲಿನಿಂದ ಸಾಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿಟ್ಟುಕೊಂಡಿದ್ದ. ಡಬ್ಬಿ ಕಾದು ಹೊಟ್ಟೆಯ ಮೇಲೆ ಕೈಯಗಲ ಕಪ್ಪು ಕಲೆಯಾಯಿತು, ಆಗಲಿ ಅಂದ. ಮಿಕ್ಕವರು ಅವನನ್ನು ಛೇಡಿಸಿದರು, ಆಮೇಲೆ ಅವನ ಚುರುಕು ನೋಡಿ ಸುಮ್ಮನಾದರು. ಮಗಳ ಓದು ಮುಗಿಯುವವರೆಗೆ, ಇನ್ನೊಂದು ಐದು ವರ್ಷ, ಹೀಗೇ ತಳ್ಳಿಬಿಟ್ಟರೆ ಸಾಕು ಅಂತ ಅವನ ಆಸೆ. ಅದಕ್ಕಿಂತ ಹೆಚ್ಚಿಗೆ ಅವನು ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಒಂದು ವರ್ಷ ನಡೆಯಿತು. ಆಮೇಲೆ ಒಂದು ಗುರುವಾರ ಯಾವನೋ ಪುಣ್ಯಾತ್ಮ ಹಳೇ ಪೆಟ್ಟಿಗೆಗಳಲ್ಲೇ ಹೊಸ ಔಷಧಿ ತುಂಬಿ ಕಳಿಸಿದ್ದ. ಪಕ್ಕದಲ್ಲಿ ಹಳೇ ಚೀಟಿ ಹಾಗೇ ಇತ್ತು, ಹೊಸದು ಮೇಲಿತ್ತು. ಅವನ ಬೆರಳು ಮೊದಲು ಮುಟ್ಟಿದ್ದು ಪಕ್ಕವನ್ನು. ‘ಕೆಮ್ಮಿನ ಔಷಧಿ, ಮಕ್ಕಳದು,’ ಅಂದಳು ಮಗಳು. ನಾಲ್ಕು ಪೆಟ್ಟಿಗೆಯನ್ನೂ ಮಕ್ಕಳ ಆಸ್ಪತ್ರೆಯ ವ್ಯಾನಿಗೆ ಇಟ್ಟ. ಒಳಗಿದ್ದದ್ದು ವಯಸ್ಸಾದವರ ಹೃದಯದ ಮಾತ್ರೆ. ಗೇಟಿನಲ್ಲಿ ತಪಾಸಣೆ ಮಾಡುವ ಹೆಂಗಸು ತಡೆದಳು, ಇಲ್ಲದಿದ್ದರೆ ಏನಾಗುತ್ತಿತ್ತೋ.

ಸೂಪರ್‌ವೈಸರ್ ಪೆಟ್ಟಿಗೆಯನ್ನು ಅವನ ಮುಂದೆಯೇ ತಂದಿಟ್ಟರು. ಮೇಲೆ ಕೆಂಪು ಮಸಿಯಲ್ಲಿ ಅಂಗೈಯಷ್ಟಗಲ ಅಕ್ಷರದಲ್ಲಿ ಹೊಸ ಔಷಧಿಯ ಹೆಸರು.

“ಇಷ್ಟು ದೊಡ್ಡದಾಗಿ ಬರೆದಿದೆಯಲ್ಲ ರೇಡಿಯೋ. ನೋಡಲಿಲ್ವಾ?”

“ಗಮನಿಸಲಿಲ್ಲ ಸಾರ್.”

ಅವರು ಕೆಟ್ಟವರಲ್ಲ. ಕೂಗಾಡಲಿಲ್ಲ, ಸಂಬಳ ಹಿಡಿಯುತ್ತೇನೆ ಅನ್ನಲಿಲ್ಲ. ಆ ಬೆಲ್ಟನ್ನು ನಂಬಿ ನೀನು ಕಣ್ಣು ಬಿಡುವುದನ್ನೇ ಮರೆತಿದ್ದೀಯ, ನಾಳೆಯಿಂದ ಅದು ಬೇಡ, ಎಲ್ಲರ ಹಾಗೆ ಹೊಸ ಮಷಿನ್ನು ಹಿಡಿದು ಪರದೆ ನೋಡಿ ಕೆಲಸ ಮಾಡು ಅಂದರು, ಅಷ್ಟೇ. ಅವನು ಆಗಲಿ ಅಂದ. ನಾಳೆ ಬೆಳಿಗ್ಗೆ ಮೊದಲನೆಯ ಪೆಟ್ಟಿಗೆಗೇ ಎಲ್ಲ ಗೊತ್ತಾಗಿಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಮಕ್ಕಳ ಬಾಯಿಗೆ ಏನು ಹಾಕಲು ಹೊರಟಿದ್ದೆ ಅನ್ನುವುದೂ ಗೊತ್ತಿತ್ತು. ಬಚ್ಚಲಿಗೆ ಹೋಗಿ ಬೆಲ್ಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಹೊರಟ. ಅಂದು ‘ಹೊರಟೆ’ ಅನ್ನಲಿಲ್ಲ.

ಮನೆಯ ಕಟ್ಟಡ ಮುಟ್ಟುವಾಗ ಮುಸ್ಸಂಜೆ. ಕಂಬಿಯ ಅಡಿಯಲ್ಲಿ ಬೆರಳಾಡಿಸುತ್ತ ಒಂದೊಂದೇ ಮೆಟ್ಟಿಲು ಹತ್ತಿದ. ಇವತ್ತು ಹೆಂಡತಿಗೆ ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು, ಕಿಡಿ ಹಾರಿದ ಕಥೆಯಿಂದಲೋ, ಡಾಕ್ಟರಿಗೆ ಹೇಳಿದ ಸುಳ್ಳಿನಿಂದಲೋ. ಎರಡನೇ ತಿರುವಿನಲ್ಲಿ ಕಾಲಿಗೆ ಒಂದು ಚೀಲ ತೊಡರಿತು. ಮಗಳ ಚೀಲ. ಅವಳು ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದಳು. ನಿನ್ನ ಹೆಜ್ಜೆಯ ಸದ್ದು ಕೇಳಿ ಕಾಯುತ್ತಿದ್ದೆ, ಜೊತೆಗೆ ಹತ್ತೋಣ ಅಂತ, ಅಂದಳು. ಎದ್ದು ನಿಲ್ಲಲು ಕೈ ಚಾಚಿದಾಗ ಅದು ಹೆಗಲ ಮೇಲಿದ್ದ ಬೆಲ್ಟಿಗೆ ತಗುಲಿತು.

“ಯಾಕೆ ಬಿಚ್ಚಿದ್ದೀಯ ಅಪ್ಪ?”

“ನಾಳೆಯಿಂದ ಬೇಡ ಅಂದರು.”

ಅವಳು ಮೆಲ್ಲಗೆ ಅಂದಳು. “ಹಾಗಾದರೆ ಹೇಗೆ ಮಾಡ್ತೀಯ? ನಿನಗೆ ಕಾಣಲ್ಲವಲ್ಲ.”

ಅವನು ಕಂಬಿ ಹಿಡಿದುಕೊಂಡು ಅಲ್ಲೇ ಕೂತ. ಯಾರು ಹೇಳಿದರು ಅಂತ ಕೇಳಿದ. ಯಾರೂ ಹೇಳಲಿಲ್ಲ ಅಂದಳು. ಕಂಬಿಯ ಕೆಳಗಿನ ಚೀಟಿಗಳು ಗೊತ್ತು, ಉಪ್ಪಿನ ಡಬ್ಬಿಯ ತಳದವೂ ಗೊತ್ತು. “ಏಳನೇ ಮೆಟ್ಟಿಲಿನದು ಉದುರಿತ್ತು. ನಾನೇ ಅಂಟಿಸಿದೆ, ನಿನ್ನ ಸುರುಳಿಯಿಂದ ತಗೊಂಡು.”

“ನಿಮ್ಮಮ್ಮನಿಗೆ ಇಷ್ಟು ದಿನ ಒಂದೂ ಸಿಕ್ಕಿಲ್ಲ. ನಿನಗೆ ಹೇಗೆ...” ಅಂದವನು ಅರ್ಧಕ್ಕೇ ನಿಲ್ಲಿಸಿದ.

ಕಣ್ಣಿದ್ದವರು ಕಂಬಿಯ ಅಡಿಗೆ ಬೆರಳು ಹಾಕಿ ಮೆಟ್ಟಿಲು ಹತ್ತುವುದಿಲ್ಲ. ಅಲ್ಲಿ ಚೀಟಿ ಸಿಗಬೇಕಾದರೆ ಕಂಬಿಯನ್ನು ಹಿಡಿದು ತಡಕಾಡಿಕೊಂಡು ಬರುವವರಿಗೇ ಸಿಗಬೇಕು. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಎರಡು ವರ್ಷ ಆಯ್ತು,” ಅಂದಳು ಮಗಳು. “ಕತ್ತಲಾದರೆ ನನಗೂ ಕಂಬಿ ಬೇಕು. ಈಗೀಗ ಪಕ್ಕದಲ್ಲಿ ಬರುವವರೂ ಕಾಣಲ್ಲ.”

ಮೇಲಿನ ಮನೆಯಿಂದ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಈಗಲೇ ಹೇಳದಿದ್ದರೆ ಅಲ್ಲಿಂದ ಏಳಲಾರೆ ಅನ್ನಿಸಿತು ಅವನಿಗೆ. “ಡಾಕ್ಟರು ಮಕ್ಕಳಿದ್ದಾರಾ ಅಂತ ಕೇಳಿದ್ದರು. ಇಲ್ಲ ಅಂದುಬಿಟ್ಟೆ ಕಣಮ್ಮ.”

ಯಂತ್ರದ ಸದ್ದು ನಿಂತಿತು, ಮತ್ತೆ ಶುರುವಾಯಿತು. ಬೈಯಲಿ, ಎದ್ದು ಹೋಗಲಿ, ಏನಾದರೂ ಮಾಡಲಿ ಅಂತ ಅವನು ಕಾದ. ಅವಳು ಅಪ್ಪನ ಹೆಗಲ ಮೇಲಿನ ಬೆಲ್ಟನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಡಬ್ಬಿ, ತಂತಿ, ಚರ್ಮದ ಟೊಪ್ಪಿ ಎಲ್ಲವನ್ನೂ ಕೈಯಲ್ಲೇ ತಡವಿ ನೋಡಿದಳು.

“ನನಗೂ ಒಂದು ಮಾಡಿಕೊಡು ಅಪ್ಪ,” ಅಂದಳು. “ನಿನಗೆ ಇನ್ನೂ ಸ್ವಲ್ಪ ಕಾಣುವಾಗಲೇ ಮಾಡಿಬಿಡು. ದನಿ ನಿಂದು ಹಾಕು.”

ಬೇಡ, ನಿನಗೆ ಅದು ಬೇಕಾಗುವುದಿಲ್ಲ ಅನ್ನಬೇಕು ಅಂತ ಬಾಯಿ ತೆರೆದ. ಅಳು ಬಂತು. ಅಳುತ್ತಲೇ ಅವಳ ಬಲಗೈಯನ್ನು ಹುಡುಕಿ ತೋರುಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದು ಅಳತೆ ನೋಡಿದ. ಅವನ ಟೊಪ್ಪಿ ಅವಳಿಗೆ ತೀರಾ ಸಡಿಲವಾಗುತ್ತಿತ್ತು. ಹೊಸದಾಗಿ, ಇದರ ಅರ್ಧದಷ್ಟು ಚರ್ಮ ಕತ್ತರಿಸಬೇಕಿತ್ತು.